ಇಳಕಲ್ ಸೀರೆ ಹಾರಿದ ದಾರಿ

ಅಕ್ಕೋರು ತೀರಿಕೊಂಡ ಮೇಲೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಕನ್ನಡದವರೆಲ್ಲ ಸೇರಿ ಒಂದು ಸಂತಾಪ ಸಭೆ ಮಾಡಿದೆವು. ಮಾತನಾಡಿದವರು ಒಬ್ಬರಾದ ಮೇಲೊಬ್ಬರು ಅವರನ್ನು ಮಿತಭಾಷಿ ಎಂದರು, ಮೃದು ಸ್ವಭಾವದವರು ಎಂದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಹಾಗೆಂದು ಇನ್ನಾರದೋ ಗುಣವನ್ನು ತಂದು ಇವರಿಗೆ ಹೊದಿಸುವುದೇ? ಅಕ್ಕೋರು ಬಾಯಿ ತೆರೆದರೆ ಮೂರನೆಯ ಮನೆಗೆ ಕೇಳಿಸುತ್ತಿತ್ತು. ಕೇರಂ ಆಡುವಾಗ ಚಿಕ್ಕ ಮಕ್ಕಳಿಗೂ ಒಂದು ಆಟ ಬಿಟ್ಟುಕೊಟ್ಟವರಲ್ಲ. ಅವರ ಬದುಕಿನ ದೊಡ್ಡ ಗೆಲುವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ದಿನ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದವಳು ನಾನೇ. ಸಭೆಯಲ್ಲಿ ಕೊಟ್ಟ ಐದು ನಿಮಿಷದಲ್ಲಿ ಅದು ಮುಗಿಯುವ ಕತೆಯಲ್ಲವೆಂದು ಸುಮ್ಮನೆ ಕೂತಿದ್ದೆ.

ಧಾರವಾಡದ ಕಡೆ ಶಾಲೆಯಲ್ಲಿ ಪಾಠ ಹೇಳುವ ಹೆಂಗಸನ್ನು ಅಕ್ಕೋರು ಎನ್ನುತ್ತಾರೆ. ಮದುವೆಗೆ ಮೊದಲು ಇವರು ಅಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರಂತೆ. ಶಾಲೆ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಅಕ್ಕೋರು ಅಕ್ಕೋರಾಗಿಯೇ ಉಳಿದರು. ಗಂಡ ಡಾಕ್ಟರು. ಎಂಬತ್ತರ ದಶಕದ ಮೊದಲಲ್ಲಿ ಅವರಿಗೆ ಸ್ಯಾನ್ ಹೊಸೆಯ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿ, ಇಬ್ಬರೂ ಅದೇ ಊರಿನ ಎವರ್‌ಗ್ರೀನ್‌ಗೆ, ನಮ್ಮ ಬೀದಿಗೇ ಬಂದರು. ಅದಕ್ಕೂ ಮುಂಚೆ ಇದ್ದದ್ದು ಕ್ಯಾನ್ಸಸ್‌ನ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ತಾಲ್ಲೂಕಿನ ಹಾಗೆ ಅನ್ನಿ. ಇಡೀ ಕೌಂಟಿಗೆ ಇವರ ಯಜಮಾನರೊಬ್ಬರೇ ಡಾಕ್ಟರು, ಇವರೊಬ್ಬರೇ ಸೀರೆ ಉಡುವವರು.

ಮನೆ ನೋಡಲು ಬಂದ ದಿನವೇ ನನಗೆ ಅವರ ಪರಿಚಯವಾಯಿತು. ನಮ್ಮ ಎದುರುಮನೆ ಮಾರಾಟಕ್ಕಿತ್ತು. ಮನೆ ತೋರಿಸುವ ಏಜೆಂಟು ಅಡುಗೆಮನೆ ಹೊಗಳುತ್ತಿದ್ದ, ಬೆಟ್ಟದ ನೋಟ ಹೊಗಳುತ್ತಿದ್ದ. ಅಕ್ಕೋರು ಯಾವುದನ್ನೂ ಕಿವಿಗೆ ಹಾಕಿಕೊಳ್ಳದೆ ನೆಲವನ್ನು ಕಾಲಿನಿಂದ ತಟ್ಟಿ ತಟ್ಟಿ ನೋಡುತ್ತಿದ್ದರು. ನೆಲಮಾಳಿಗೆ ಎಲ್ಲಿ ಎಂದು ಅವನನ್ನು ಕೇಳಿದರು. ಇಲ್ಲಿನ ಮನೆಗಳಿಗೆ ನೆಲಮಾಳಿಗೆ ಇರುವುದಿಲ್ಲ, ಇಲ್ಲಿ ಸುಂಟರಗಾಳಿಯ ಕಾಟವಿಲ್ಲ, ಭೂಕಂಪ ಮಾತ್ರ ಎಂದ ಅವನು. ಸೀರೆ ಕಂಡು ಕುತೂಹಲದಿಂದ ಬಾಗಿಲಿಗೆ ಬಂದು, ಕನ್ನಡದವರೇ ಎಂದು ಕೇಳಿದ್ದ ನನ್ನ ಕಡೆ ತಿರುಗಿ ಅಕ್ಕೋರು ಹೇಳಿದ ಮೊದಲ ಮಾತು ಇದು: "ಕೇಳಿದ್ಯೇನವಾ ತಂಗಿ? ಮ್ಯಾಲಿಂದ ಬಂದ್ರ ಕೆಳಗ ಓಡಬಹುದು. ಕೆಳಗಿಂದನ ಬಂದ್ರ ಎಲ್ಲಿಗೆ ಓಡೂದು?"

ನಾನು ಮೈಸೂರಿನಿಂದ ಬಂದವಳು, ಎರಡಕ್ಕೂ ಓಡಿ ಗೊತ್ತಿರಲಿಲ್ಲ. ಮನೆಯನ್ನೇನೋ ಕೊಂಡರು. ಆದರೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ನೀರು, ಟಾರ್ಚು, ಒಂದು ಡಬ್ಬಿ ಅವಲಕ್ಕಿ ಚೂಡಾ ಇಟ್ಟುಕೊಂಡ ಮೇಲೆಯೇ ಹಾಲು ಉಕ್ಕಿಸಿದ್ದು.

ಅವರಿಗೆ ಒಂದು ಮಾತು ಅಭ್ಯಾಸವಾಗಿತ್ತು. "ಮೊದ್ಲ ಕೆಳಗ ಇಳೀರಿ, ವಾದ ಆಮ್ಯಾಲ ಮಾಡೂಣು." ಕನ್ನಡ ಕೂಟದ ಮೀಟಿಂಗುಗಳಲ್ಲಿ ಯುಗಾದಿ ಊಟಕ್ಕೆ ಹೋಳಿಗೆಯೋ ಪಾಯಸವೋ ಎಂದು ಗಂಡಸರು ಏರುದನಿಯಲ್ಲಿ ವಾದಿಸುತ್ತಿದ್ದರೆ, ಅಕ್ಕೋರು ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಇದೊಂದು ಮಾತು ಬಿಡುತ್ತಿದ್ದರು. ಎಲ್ಲರೂ ಕೂತುಬಿಡುತ್ತಿದ್ದರು. ಸೆರಗು ಸೊಂಟಕ್ಕೆ ಹೋಯಿತೆಂದರೆ ಇನ್ನು ಅವರೊಂದಿಗೆ ಹಟ ಮಾಡಿ ಪ್ರಯೋಜನವಿಲ್ಲ ಎನ್ನುವುದು ಅವರ ಗಂಡನಿಂದ ಹಿಡಿದು ನಮಗೆಲ್ಲ ಗೊತ್ತಿದ್ದ ಸಂಗತಿ. ಆ ಮಾತು ಅವರದಲ್ಲ, ಕ್ಯಾನ್ಸಸ್‌ನ ಪಕ್ಕದ ಹೊಲದ ಅಜ್ಜಿಯದು ಎಂದು ತಿಳಿದದ್ದು ಆಮೇಲೆ.

ಆ ಅಜ್ಜಿ ಗಂಡ ಸತ್ತ ಮೇಲೂ ಒಬ್ಬಳೇ ಹೊಲ ಮಾಡಿಸಿಕೊಂಡಿದ್ದವಳು. ಅಲ್ಲಿ ದನಗಳಿಗೆಂದು ಜೋಳ ಬೆಳೆಯುತ್ತಾರೆ, ನಮ್ಮ ರೊಟ್ಟಿಯ ಜೋಳದ ಜಾತಿಯದೇ. ಹೊಸದಾಗಿ ಬಂದ ಅಕ್ಕೋರು ಹೊಲದಲ್ಲಿ ಜೋಳದ ತೆನೆ ಕಂಡು ಕಣ್ಣಲ್ಲಿ ನೀರು ತಂದುಕೊಂಡರಂತೆ. ಅಜ್ಜಿಯಿಂದ ಒಂದು ಚೀಲ ಕೇಳಿ ತಂದು, ಬೀಸಿ, ರೊಟ್ಟಿ ತಟ್ಟಿದರು. ಡಾಕ್ಟರ ಹೆಂಡತಿ ದನದ ಮೇವು ತಿನ್ನುತ್ತಾಳೆ ಎಂದು ಊರೆಲ್ಲ ಸುದ್ದಿ. ಡಾಕ್ಟರಿಗೆ ಸಂಬಳ ಸಾಲುತ್ತಿಲ್ಲವೇನೋ ಎಂದು ಚರ್ಚಿನವರು ದಿನಸಿ ಡಬ್ಬಗಳನ್ನು ತಂದು ಬಾಗಿಲಲ್ಲಿಟ್ಟು ಹೋದರಂತೆ. ಅಜ್ಜಿಯೊಬ್ಬಳು ಮಾತ್ರ ಬಂದು ಕೂತು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿಕೊಂಡು ಎರಡು ತಿಂದು, ಇಷ್ಟು ವರ್ಷ ದನಗಳು ನನಗಿಂತ ಚೆನ್ನಾಗಿ ಉಣ್ಣುತ್ತಿದ್ದವು ಎಂದಳಂತೆ. ಅವತ್ತಿನಿಂದ ಇಬ್ಬರೂ ಜೀವದ ಗೆಳತಿಯರು.

ಈಗ ಕೌದಿಯ ವಿಷಯ. ಧಾರವಾಡದ ಕಡೆ ಹಳೆ ಸೀರೆ, ಅಂಗಿ, ಲಂಗದ ಚೂರುಗಳನ್ನು ಒಂದರ ಪಕ್ಕ ಒಂದಿಟ್ಟು ಸಣ್ಣ ಸಣ್ಣ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಾರಲ್ಲ, ಅದೇ ಕೌದಿ. ಅಲ್ಲಿನ ಹೆಂಗಸರಿಗೂ ಇಂಥದೇ ಹುಚ್ಚು. ಆ ಕೌಂಟಿಯ ರಸ್ತೆಗಳು ಚೌಕಾಬಾರದ ಮನೆಗಳ ಹಾಗೆ, ಗೆರೆ ಎಳೆದಂತೆ ಚೌಕ ಚೌಕ. ಭೂಗೋಳದ ಅಕ್ಕೋರಿಗೆ ಅಷ್ಟು ಸಾಕಾಯಿತು. ಕೌಂಟಿಯ ಚೌಕಗಳನ್ನೇ ಕೌದಿಯ ಚೌಕಗಳಾಗಿ ಮಾಡಿ, ಒಂದು ನೀಲಿ ಪಟ್ಟಿಯನ್ನು ನದಿಯಾಗಿ ಹರಿಸಿ, ಅಲ್ಲಿ ಬೀಸಿದ ಸುಂಟರಗಾಳಿಗಳನ್ನೆಲ್ಲ ಅದರ ಮೇಲೆ ಹೊಲಿಯತೊಡಗಿದರು. ಒಂದೊಂದು ಗಾಳಿಗೂ ಒಂದೊಂದು ಬಣ್ಣದ ದಾರ. ಗಾಳಿ ಹಾದ ಊರಿನಿಂದ ಒಂದು ಬಟ್ಟೆಯ ಚೂರು ಬೇಡಿ ತಂದು ಆ ಜಾಗದಲ್ಲೇ ಕೂರಿಸುವುದು.

ನಮ್ಮ ಬೀದಿಯ ಹೆಂಗಸರು ಸಂಜೆ ಹೊತ್ತು ಅವರ ಮನೆಯಲ್ಲಿ ಸೇರಿದರೆ ಆ ಕೌದಿಯ ಮೇಲೆಯೇ ಕೂರಬೇಕು, ಅವರು ಬೆರಳಿಟ್ಟ ಕಡೆಯ ಕತೆ ಕೇಳಬೇಕು. ಕಪ್ಪು ದಾರದ್ದು ಎಲ್ಲಕ್ಕಿಂತ ಹಳೆಯದು, ಅಜ್ಜಿಯ ತಾಯಿಯ ಕಾಲದ್ದು. ಶಾಲೆಯನ್ನು ಎತ್ತಿಕೊಂಡು ಹೋಗಿ ಗಂಟೆಯನ್ನು ಮಾತ್ರ ಬಿಟ್ಟಿತಂತೆ. ಅದರ ಚೂರು ಶಾಲೆಯ ಕಿಟಕಿ ಪರದೆಯದು. ಕಂದು ದಾರದ್ದು ಚರ್ಚಿನ ಗೋಡೆಗಳನ್ನೆಲ್ಲ ಕೆಡವಿತು, ಪಿಯಾನೊ ನಿಂತಲ್ಲೇ ನಿಂತಿತ್ತು, ಮುಂದಿನ ಭಾನುವಾರ ಬಯಲಲ್ಲೇ ಅದನ್ನು ನುಡಿಸಿ ಪ್ರಾರ್ಥನೆ ಮಾಡಿದರು. ಹಳದಿ ದಾರದ ಗಾಳಿ ಕೋಳಿಗಳ ಪುಕ್ಕ ಕಿತ್ತು ಬೋಳು ಮಾಡಿ ಬಿಟ್ಟಿತು. ಮೊದಲ ಸಲ ಕೇಳಿದಾಗ ನಾನೂ ನಂಬಲಿಲ್ಲ. "ನಂಬಬ್ಯಾಡ, ಆದ್ರ ಕೇಳು" ಎನ್ನುತ್ತಿದ್ದರು. ಹೇಳುವಾಗ ಅವರ ಕೈ ತಾನಾಗಿಯೇ ಗಾಳಿಯಲ್ಲಿ ಗಿರಗಿರ ಸುತ್ತುತ್ತಿತ್ತು, ಪಕ್ಕದಲ್ಲಿ ಚಹಾ ಇದ್ದವರು ಲೋಟ ದೂರ ಸರಿಸಿಕೊಳ್ಳಬೇಕಿತ್ತು.

ಹಸಿರು ದಾರದ್ದು ಅವರದೇ ಗಾಳಿ.

ಅದು ಎಪ್ಪತ್ತರ ದಶಕದ ಒಂದು ಬೇಸಿಗೆಯ ಮಧ್ಯಾಹ್ನ. ಅಕ್ಕೋರು ಬಟ್ಟೆ ಒಗೆದು ಹರವಿದ್ದರು. ಒಣಹಾಕುವ ಹಗ್ಗದ ಒಂದು ತುದಿ ಮನೆಗೆ, ಇನ್ನೊಂದು ತುದಿ ಅಂಗಳದಾಚೆಯ ಕೊಟ್ಟಿಗೆಗೆ. ಮನೆಯ ಕಡೆ ಇವರ ಮದುವೆಯ ಇಳಕಲ್ ಸೀರೆ; ಹಸಿರು ಮೈ, ಕೆಂಪು ಸೆರಗು, ಸೆರಗಿನಲ್ಲಿ ಬಿಳಿಯ ತೆನೆಗಳ ಸಾಲು. ಕೊಟ್ಟಿಗೆಯ ಕಡೆ ಗಂಡನ ಧೋತರ. ಪಡುವಣದಲ್ಲಿ ಮೋಡ ಹಸಿರುಗಟ್ಟಿದ್ದನ್ನು ಮೊದಲು ಕಂಡವಳು ಅಜ್ಜಿ. ಆ ಕಾಲದಲ್ಲಿ ಅಲ್ಲಿ ಏಳೆಂಟು ಮನೆಗಳಿಗೆ ಸೇರಿ ಒಂದೇ ಟೆಲಿಫೋನು ತಂತಿ, ಒಬ್ಬರು ಮಾತಾಡಿದರೆ ಉಳಿದವರೆಲ್ಲ ಎತ್ತಿ ಕೇಳಬಹುದು. ಅಜ್ಜಿ ಗಂಟೆ ಬಾರಿಸಿ ಎಲ್ಲರನ್ನೂ ಎತ್ತಿಸಿ, ಗಾಳಿ ಬರುತ್ತಿದೆ, ಮೊದಲು ಕೆಳಗಿಳಿಯಿರಿ, ವಾದ ಆಮೇಲೆ ಮಾಡೋಣ ಎಂದಳು. ಇಳಿದರು. ಅಕ್ಕೋರೂ ಗಂಡನನ್ನು ಎಳೆದುಕೊಂಡು ನೆಲಮಾಳಿಗೆಗೆ ಇಳಿದರು. ಮೇಲೆ ಬಂದಾಗ ಕೊಟ್ಟಿಗೆ ಇರಲಿಲ್ಲ, ಹಗ್ಗವೂ ಇರಲಿಲ್ಲ. ಆ ಸಾಲಿನ ಮನೆಗಳ ಚಾವಣಿಗಳೆಲ್ಲ ಹೋಗಿದ್ದವು. ಒಬ್ಬರಿಗೂ ಗಾಯವಾಗಿರಲಿಲ್ಲ.

ಮರುದಿನ ಹವಾಮಾನದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದ. ಕೆಸರಿಗೆ ಕಾರು ಒಳಗೆ ಹೋಗದೆ ರಸ್ತೆಯಿಂದಲೇ ನೋಡಿ, ಇದು ಸುಂಟರಗಾಳಿಯಲ್ಲ, ಬರೀ ಬಿರುಗಾಳಿ, ನೇರವಾಗಿ ಬೀಸಿ ಹೋಗಿದೆ ಎಂದು ತೀರ್ಮಾನಿಸಿದ. ಅದೇ ಅಜ್ಜಿಗೆ ಮುಳುವಾಯಿತು. ಬರೀ ಬಿರುಗಾಳಿಗೆ ಹೆದರಿ ಎಲ್ಲರನ್ನೂ ಬಿಲಕ್ಕೆ ಓಡಿಸಿದ ಮುದುಕಿ ಎಂದು ಜನ ನಗತೊಡಗಿದರು. ಮುಂದೆ ಅವಳು ಯಾವ ಮೋಡ ತೋರಿಸಿದರೂ ಹಾಸ್ಯವೇ. ಅಕ್ಕೋರು ಇಷ್ಟು ಹೇಳುವಷ್ಟರಲ್ಲಿ ಮುಖ ಕೆಂಪೇರುತ್ತಿತ್ತು. "ಒಬ್ಬರರ ಸತ್ತಿದ್ರ ಆಕೀ ಮಾತು ನಂಬ್ತಿದ್ರು ನೋಡು. ಆಕಿ ಉಳಿಸಿದ್ಲು, ಅದಕ್ಕ ಯಾರೂ ನಂಬಲಿಲ್ಲ."

ಆದರೆ ಸೀರೆ ಸುಮ್ಮನಿರಲಿಲ್ಲ. ಅದರ ಚೂರುಗಳು ಒಂದೊಂದಾಗಿ ಮನೆಗೆ ಬರತೊಡಗಿದವು. ಒಬ್ಬ ರೈತನಿಗೆ ಬೇಲಿಯ ಮುಳ್ಳುತಂತಿಯಲ್ಲಿ ಸಿಕ್ಕಿತು, ಇನ್ನೊಬ್ಬರಿಗೆ ಹುಲ್ಲಿನ ಬಣವೆಯಲ್ಲಿ, ಮತ್ತೊಬ್ಬರಿಗೆ ವರ್ಷ ಕಳೆದ ಮೇಲೆ ಹಕ್ಕಿಯ ಗೂಡಿನಲ್ಲಿ. ಬೇರೆ ಯಾರ ಬಟ್ಟೆಯಾದರೂ ಯಾರದೋ ಏನೋ ಎಂದು ಒಲೆಗೆ ಹಾಕುತ್ತಿದ್ದರು. ಇಳಕಲ್ ಸೀರೆ ಆ ಕೌಂಟಿಗೆಲ್ಲ ಒಂದೇ. ಎಷ್ಟು ಚಿಕ್ಕ ಚೂರಾದರೂ ಡಾಕ್ಟರ ಹೆಂಡತಿಯದೆಂದು ತಂದುಕೊಟ್ಟು, ಸಿಕ್ಕ ಜಾಗ ಹೇಳಿ ಹೋಗುತ್ತಿದ್ದರು. ಅಕ್ಕೋರು ಒಂದೊಂದನ್ನೂ ಅದರದರ ಚೌಕದಲ್ಲಿಟ್ಟು ಹೊಲಿದರು. ನೈರುತ್ಯದಿಂದ ಈಶಾನ್ಯಕ್ಕೆ ಹಸಿರು ಕೆಂಪು ಚೂರುಗಳ ಒಂದು ಕಿರಿದಾದ ಸಾಲು ಕೌದಿಯ ಮೇಲೆ ನಡೆದು ಹೋಗಿತ್ತು. ಕೌದಿಯ ಕೊನೆಯ ಮೂಲೆಯೊಂದನ್ನು ಮಾತ್ರ ಹೊಲಿಯದೆ ಬಿಟ್ಟಿದ್ದರು. ಅವರ ತಾಯಿ ತಾವು ಹೊಲಿದ ಕೌದಿಗಳ ಆ ಮೂಲೆಯಲ್ಲಿ ಒಂದು ಚೂರು ರೊಟ್ಟಿಯಿಟ್ಟು ಮುಚ್ಚುತ್ತಿದ್ದರಂತೆ, ಕೌದಿ ಹಸಿದಿರಬಾರದೆಂದು. ಇದನ್ನೇಕೆ ಮುಚ್ಚಿಲ್ಲ ಎಂದು ಕೇಳಿದ್ದಕ್ಕೆ, "ಆ ಮುದಿಕಿ ಮಾತು ಖರೇ ಆಗೂತನಾ ಇದು ಹಸದ ಇರಲಿ" ಎಂದಿದ್ದರು.

ಎಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಅಕ್ಕೋರು ನಮ್ಮ ಬಾಗಿಲು ತಟ್ಟಿದರು. ಸೆರಗು ಆಗಲೇ ಸೊಂಟದಲ್ಲಿತ್ತು. ಆ ಕೌಂಟಿಯವರು ಕೋರ್ಟಿನ ಅಂಗಳದಲ್ಲಿ ಒಂದು ಕಲ್ಲು ನಿಲ್ಲಿಸಿ, ತಮ್ಮ ನೆಲದ ಮೇಲೆ ಹಾದುಹೋದ ಸುಂಟರಗಾಳಿಗಳನ್ನೆಲ್ಲ ಅದರ ಮೇಲೆ ಕೆತ್ತಿಸುತ್ತಾರಂತೆ. ಹಸಿರು ದಾರದ್ದನ್ನು ಬಿಟ್ಟಿದ್ದಾರೆ. ಅದು ಲೆಕ್ಕಕ್ಕೆ ಬರಬೇಕಾದರೆ ಅಂದು ತೀರ್ಮಾನ ಕೊಟ್ಟ ಅದೇ ಅಧಿಕಾರಿ ಒಪ್ಪಬೇಕು. ಅಜ್ಜಿಗೆ ಎಂಬತ್ತು ದಾಟಿದೆ, ವೃದ್ಧರ ಮನೆಯಲ್ಲಿದ್ದಾಳೆ. ಅಕ್ಕೋರು ಅಧಿಕಾರಿಯ ಕಚೇರಿಗೆ ಫೋನು ಮಾಡಿದ್ದಾರೆ. ಅವನು ರಜೆ ಹಾಕಿ ಮಗಳ ಮನೆಗೆ ಹೋಗಿದ್ದಾನೆ ಎಂದರಂತೆ. ಮಗಳ ಮನೆ ವಾಲ್ನಟ್ ಕ್ರೀಕಿನಲ್ಲಿ, ನಮ್ಮಿಂದ ಒಂದು ಗಂಟೆಯ ದಾರಿ; ಅಲ್ಲಿಗೂ ಫೋನು ಮಾಡಿ ಅವನನ್ನು ಹಿಡಿದಿದ್ದಾರೆ.

"ತಾನಾಗೇ ನಮ್ಮ ಓಣಿಗೆ ಬಂದಾನ. ಶನಿವಾರ ಬಾ ಅಂದಾನ. ನಡಿ ತಂಗಿ, ಕಾರ್ ತಗಿ."

"ಶನಿವಾರ ಇನ್ನೂ ನಾಡಿದ್ದು ಅಕ್ಕೋರೆ."

"ಪೆಟ್ರೋಲ್ ಅರ ಹಾಕಿಸಿಡು."

ಕ್ಯಾನ್ಸಸ್‌ನಲ್ಲಿ ಅಜ್ಜಿಯ ಟ್ರ್ಯಾಕ್ಟರನ್ನೇ ಓಡಿಸಿದ್ದ ಅಕ್ಕೋರಿಗೆ ಫ್ರೀವೇ ಎಂದರೆ, ಅಲ್ಲಿನ ಹೆದ್ದಾರಿ ಎಂದರೆ, ಬಲು ಭಯ. ಹೀಗಾಗಿ ಶನಿವಾರ ಬೆಳಗ್ಗೆ ನಮ್ಮ ಹಳೇ ಡಾಟ್ಸನ್‌ನಲ್ಲಿ ನಾನು, ಅವರು, ಹಿಂದಿನ ಸೀಟಿನ ತುಂಬ ಕೌದಿ. ದಾರಿಯುದ್ದಕ್ಕೂ ಅವರು ಒಂದು ಮಾತೂ ಆಡಲಿಲ್ಲ. ಸಭೆಯಲ್ಲಿ ಮಿತಭಾಷಿ ಎಂದವರು ಆ ಒಂದು ಗಂಟೆಯನ್ನು ನೋಡಿದ್ದರೆ ಒಪ್ಪುತ್ತಿದ್ದೆ.

ಅಧಿಕಾರಿ ತಲೆ ನರೆತ ಎತ್ತರದ ಮನುಷ್ಯ. ವಿನಯದಿಂದ ಬರಮಾಡಿಕೊಂಡು, ಹತ್ತು ನಿಮಿಷದಲ್ಲಿ ಸಾಗಹಾಕುವ ಲೆಕ್ಕದಲ್ಲಿ ನಿಂತೇ ಇದ್ದ. ಅಕ್ಕೋರು ಮಗಳ ಮನೆಯ ನಡುಕೋಣೆಯಲ್ಲಿದ್ದ ಟೀಪಾಯಿಯನ್ನು ತಾವೇ ಪಕ್ಕಕ್ಕೆ ತಳ್ಳಿ ಕೌದಿ ಹಾಸಿದರು. ಅವನು ಒಂದು ಸುತ್ತು ಬಂದ. ಆಮೇಲೆ ಬೂಟು ಕಳಚಿಟ್ಟು ಮಂಡಿಯೂರಿ ಕೂತ. ಇದು ನದಿಯಲ್ಲವೇ ಎಂದ. ಇದು ಶಾಲೆ ಹೊತ್ತುಕೊಂಡು ಹೋದದ್ದು, ಇದು ಪಿಯಾನೊ ಬಿಟ್ಟುಹೋದದ್ದು ಎಂದು ಒಂದೊಂದೇ ದಾರದ ಮೇಲೆ ಬೆರಳಾಡಿಸಿ ತಾನೇ ಹೇಳತೊಡಗಿದ. ಆ ಹೊತ್ತಿಗೆ ನನಗೆ ಅವನ ಮೇಲೆ ಇದ್ದ ಕೋಪವೆಲ್ಲ ಇಳಿಯಿತು. ಅವನಿಗೂ ಇವರಿಗಿದ್ದ ಹುಚ್ಚೇ ಇತ್ತು.

ಹಸಿರು ದಾರದ ಹತ್ತಿರ ಬಂದಾಗ ನಿಂತ. ನೇರ ಬೀಸುವ ಬಿರುಗಾಳಿಯೂ ಬಟ್ಟೆಯನ್ನು ಹರಿದು ದೂರ ಒಯ್ಯುತ್ತದೆ, ಸೀರೆಯೊಂದರಿಂದಲೇ ಸುತ್ತುಗಾಳಿ ಎಂದು ಹೇಳಲಾಗದು ಎಂದ. ಅಕ್ಕೋರು ತರಗತಿಯಲ್ಲಿ ಜಾಣ ಹುಡುಗಿ ಕೈಯೆತ್ತಿದಾಗ ನೋಡುವಂತೆ ಅವನನ್ನು ನೋಡಿದರು. ಒಳ್ಳೆಯ ಪ್ರಶ್ನೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಕೌದಿಯ ಇನ್ನೊಂದು ಕಡೆ, ತಮ್ಮ ಮನೆಯ ಚೌಕಕ್ಕಿಂತ ಹಿಂದಕ್ಕೆ, ನೈರುತ್ಯದಲ್ಲಿದ್ದ ಒಂದು ಬಿಳಿ ಚೂರಿನ ಮೇಲೆ ಕೈಯಿಟ್ಟರು. ಇದು ನನ್ನ ಗಂಡನ ಧೋತರ. ಅದೇ ಹಗ್ಗದ ಆ ತುದಿಯಲ್ಲಿತ್ತು. ಅಜ್ಜಿಯ ಹೊಲದ ಕೆಟ್ಟುನಿಂತ ಗಾಳಿಯಂತ್ರದ ಮೇಲೆ ಸಿಕ್ಕಿತು. ಆಮೇಲೆ ತಡೆಯಲಾರದೆ ನನ್ನ ಕಡೆ ತಿರುಗಿದರು: "ಇವಗ ಹೇಳು ತಂಗಿ. ಸೀದಾ ಗಾಳಿ ಆಗಿದ್ರ, ಹೆಂಡತಿ ಸೀರಿ ಮುಂದ, ಗಂಡನ ಧೋತರ ಹಿಂದ ಹೋಗ್ತಿತ್ತೇನು? ಸುತ್ತೂ ಗಾಳಿಗೆ ಮಾತ್ರ ಬರ್ತೈತಿ ಆ ವಿದ್ಯಾ."

ನಾನು ಹೇಳಿದೆ. ಅವನು ಆ ಬಿಳಿ ಚೂರಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ. ಇಡೀ ಧೋತರ ಎಷ್ಟು ಉದ್ದವಿತ್ತು ಎಂದು ಕೇಳಿದ. ಅಕ್ಕೋರು ಎದ್ದು ಕೋಣೆಯ ಈ ಗೋಡೆಯಿಂದ ಆ ಗೋಡೆಯ ತನಕ ನಡೆದು ತೋರಿಸಿದರು.

ಅವನು ಮಂಡಿಯ ಮೇಲಿಂದ ಹಿಂದಕ್ಕೆ ಜರುಗಿ ನೆಲದ ಮೇಲೆ ಕೂತುಬಿಟ್ಟ. ಅದನ್ನು ನಾನು ನೋಡಿದ್ದೇನೆ ಎಂದ. ಅವತ್ತು ರಸ್ತೆಯಿಂದ ನೋಡುವಾಗ ಗಾಳಿಯಂತ್ರದ ರೆಕ್ಕೆಗಳಿಗೆ ಉದ್ದನೆಯ ಬಿಳಿ ಬಟ್ಟೆ ಸುತ್ತಿಕೊಂಡಿತ್ತು. ರೆಕ್ಕೆ ತಿರುಗದಿರಲಿ ಎಂದು ರೈತರು ಬೇಕೆಂದೇ ಬಿಗಿದಿದ್ದಾರೆ ಎಂದುಕೊಂಡು ಮುಂದೆ ಹೋದೆ. ಅಷ್ಟುದ್ದದ ಬಟ್ಟೆಯನ್ನು ಒಬ್ಬ ಗಂಡಸು ಮೈಮೇಲೆ ಉಡುತ್ತಾನೆ, ಅದನ್ನು ಒಗೆದು ಒಣಹಾಕುತ್ತಾರೆ ಎಂದು ಕ್ಯಾನ್ಸಸ್‌ನಲ್ಲಿ ನನಗೆ ಹೇಗೆ ಹೊಳೆಯಬೇಕು?

ಎಲ್ಲಕ್ಕಿಂತ ಮೊದಲು ನಕ್ಕವರು ಅಕ್ಕೋರು. ಆಮೇಲೆ ಅವನು ನಕ್ಕ, ಅವನ ಮಗಳು ನಕ್ಕಳು. ಚೂರು ಸಿಕ್ಕಿದ ರೈತರನ್ನು ತಾನೇ ಮಾತಾಡಿಸಬೇಕು, ಅವರು ಈಗ ಸಿಗುತ್ತಾರೆಯೇ ಎಂದು ಕೇಳಿದ. ಅಕ್ಕೋರು, ಧಾರಾಳವಾಗಿ ಕೇಳಿ, ಎಲ್ಲರೂ ಬದುಕಿದ್ದಾರೆ, ನನ್ನ ತಕರಾರೇ ಅದು ಎಂದರು.

ಹಿಂತಿರುಗುವಾಗ ದಾರಿಯಲ್ಲಿನ ಡಬ್ಲಿನ್ ಎಂಬ ಊರು ದಾಟುವ ಮೊದಲೇ ಅವರ ಬಾಯಿ ಬಿಚ್ಚಿತು, ಎವರ್‌ಗ್ರೀನ್ ತಲುಪುವವರೆಗೂ ಮುಚ್ಚಲಿಲ್ಲ.

ಅವನು ಮಾತಿಗೆ ತಪ್ಪಲಿಲ್ಲ. ಊರಿಗೆ ಹೋಗಿ ಒಬ್ಬೊಬ್ಬರನ್ನೂ ಕಂಡು, ಒಂದು ಭಾನುವಾರ ಬೆಳಗ್ಗೆ ತಾನೇ ಫೋನು ಮಾಡಿದ. ಅದು ಸುಂಟರಗಾಳಿಯೇ. ಕಲ್ಲಿನಲ್ಲಿ ಕೆತ್ತಲು ಹೇಳಿದ್ದೇನೆ, ಎಚ್ಚರಿಸಿದವಳ ಹೆಸರನ್ನೂ ಸೇರಿಸಿ.

ಅಕ್ಕೋರು ಬೀದಿಯಲ್ಲೇ ನಿಂತು ನಮ್ಮನ್ನೆಲ್ಲ ಕೂಗಿ ಕರೆದರು. ಹೋಗುವಷ್ಟರಲ್ಲಿ ಒಲೆಯ ಮೇಲೆ ಹಂಚು ಕಾದಿತ್ತು. ಅಜ್ಜಿಯ ಹೊಲದಿಂದ ವರ್ಷಕ್ಕೊಮ್ಮೆ ಬರುತ್ತಿದ್ದ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ, ಒಂದು ಚೂರನ್ನು ಗರಿಗರಿಯಾಗಿ ಒಣಗಿಸಿ, ಕೌದಿಯ ತೆರೆದ ಮೂಲೆಗೆ ಇಟ್ಟು, ನಾವೆಲ್ಲ ನೋಡುತ್ತಿರುವಂತೆ ಹೊಲಿದು ಮುಚ್ಚಿದರು. ಡಾಕ್ಟರು ಸೂಜಿಗೆ ದಾರ ಪೋಣಿಸಿಕೊಟ್ಟರು. ಮುಂದೆ ಆ ಕೌದಿಯನ್ನು ಅಜ್ಜಿಗೇ ಕಳಿಸಿದರು. ಕೊನೆಯ ತನಕ ಅವಳು ಅದನ್ನೇ ಹೊದ್ದು ಮಲಗಿದಳು.

ಹೊಲಿಗೆ ಮುಗಿದ ಮೇಲೆ ಅಜ್ಜಿಗೆ ಫೋನು ಹಚ್ಚಿದರು. "ನೀ ಅಡಗಿಮನಿ ಫೋನ್ ಎತ್ತಿಕೊ ತಂಗಿ. ಹಳೇ ಕಾಲದ ಹಂಗ ಎಲ್ಲಾರೂ ಕೂಡೇ ಕೇಳೂಣು" ಎಂದರು. ನಾನು ಅಡುಗೆಮನೆಯ ಎಕ್ಸ್‌ಟೆನ್ಷನ್ ಎತ್ತಿದೆ. ಪಕ್ಕದ ಕೋಣೆಯಿಂದ ಒಂದು ಕಿವಿಗೆ, ತಂತಿಯಿಂದ ಇನ್ನೊಂದು ಕಿವಿಗೆ ಅಕ್ಕೋರ ದನಿ ಕೇಳಿಸುತ್ತಿತ್ತು. ಅಧಿಕಾರಿ ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದರು. ಕಲ್ಲಿನ ಮೇಲೆ ನಿನ್ನ ಹೆಸರು ಬರುತ್ತದೆ ಎಂದರು.

ಆ ಕಡೆಯಿಂದ ಒಂದು ಮುದಿ ದನಿ, ಒಂದು ಕಾಲಕ್ಕೆ ಏಳೆಂಟು ಮನೆಗಳವರನ್ನು ಕೆಳಗಿಳಿಸಿದ್ದ ದನಿ, ನಿಧಾನವಾಗಿ, ಸ್ಪಷ್ಟವಾಗಿ ಹೇಳಿತು:

"ಸರಿ. ಇನ್ನು ಎಲ್ಲರೂ ಮೇಲೆ ಬರಬಹುದು ಅಂತ ಹೇಳು."